ಮುದ್ದುಪಳನಿ, ನಾಗರತ್ನಮ್ಮ ಮತ್ತು ನಮ್ಮ ನಾಟಕ ವಿಮರ್ಶೆ: ಸಾದಲಿ ಸೀಮೆಯಿಂದ ಒಂದು ಓದು

ಬೆಂಗಳೂರು ನಾಗರತ್ನಮ್ಮನವರ ಬದುಕು ಈಚಿನ ವರ್ಷಗಳಲ್ಲಿ ಕನ್ನಡ ರಂಗಭೂಮಿಗೆ ಬಂದಿದೆ. ಮಲೆಯೂರು ಗುರುಸ್ವಾಮಿಯವರ ಬರಹವನ್ನು ಆಧರಿಸಿ ಹೂಲಿ ಶೇಖರ್ ರಂಗರೂಪ ಕೊಟ್ಟ, ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ’ ಅಂಥ ನಾಟಕ. ಹೆಸರಿನಲ್ಲಿರುವುದು ಒಬ್ಬಳೇ ಹೆಣ್ಣು. ಆದರೆ ಈ ಕಥೆಯನ್ನು ಯಾರೇ ಹೇಳಹೊರಟರೂ ಇನ್ನೊಬ್ಬಳನ್ನು ಕರೆತರದೆ ವಿಧಿಯಿಲ್ಲ. ಆಕೆ ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿ. ಒಬ್ಬಳು ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಬರೆದಳು, ಇನ್ನೊಬ್ಬಳು ಅದನ್ನು ಶೋಧಿಸಿ, ಪೀಠಿಕೆ ಬರೆದು 1910ರಲ್ಲಿ ಅಚ್ಚು ಹಾಕಿಸಿದಳು. ಇಬ್ಬರೂ ದೇವದಾಸಿ ಮನೆತನದವರು, ಇಬ್ಬರೂ ಬರಹಗಾರ್ತಿಯರು. ಇಬ್ಬರ ಬಗ್ಗೆಯೂ ಬಂದ ವಿಮರ್ಶೆ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಬರೆದವಳನ್ನು ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಿತು.

ಆ ರೂಢಿ ಇಂದಿನ ನಾಟಕಗಳನ್ನು ನೋಡುವ ನಮ್ಮ ಕಣ್ಣಿನಲ್ಲೂ ಉಳಿದಿದೆ ಎಂಬುದು ಈ ಲೇಖನದ ವಾದ. ಬೈಗುಳ ಹೋಗಿ ಗೌರವ ಬಂದಿದೆ, ಸಂತೋಷ. ಆದರೆ ಆ ಗೌರವ ತ್ಯಾಗರಾಜರ ಸಮಾಧಿ ಕಟ್ಟಿಸಿದ ಭಕ್ತೆಗೆ ಸಲ್ಲುತ್ತಿದೆಯೇ ಹೊರತು, ಹಸ್ತಪ್ರತಿ ಹಿಡಿದು ದೊಡ್ಡ ವಿದ್ವಾಂಸರೊಬ್ಬರಿಗೆ ಉತ್ತರ ಕೊಟ್ಟ ಸಂಪಾದಕಿಗೆ ಅಷ್ಟಾಗಿ ಸಲ್ಲುತ್ತಿಲ್ಲ.

ಸಾದಲಿಯಲ್ಲಿ ಕೂತು ಈ ಮಾತು ಬರೆಯಲು ಕಾರಣವಿದೆ. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿಯಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆಯ ಓದು ಕನ್ನಡ. ರೇಷ್ಮೆಗೂಡಿನ ವ್ಯಾಪಾರ ಎರಡರಲ್ಲೂ ಸಾಗುತ್ತದೆ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಅವರ ತೆಲುಗು ಪದಗಳನ್ನು ಭಜನೆಯಲ್ಲಿ ಹಾಡುವಾಗ ಇಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಪರಂಪರೆ ಹೇಳುವ ಪ್ರಕಾರ ತಾತಯ್ಯನವರು ಹುಟ್ಟಿದ್ದು 1726ರಲ್ಲಿ. ಅಂದರೆ ಅವರೂ ಮುದ್ದುಪಳನಿಯೂ ಹೆಚ್ಚುಕಡಿಮೆ ಒಂದೇ ಕಾಲದವರು. ಒಂದೇ ಭಾಷೆಯಲ್ಲಿ ಒಬ್ಬರು ವೈರಾಗ್ಯವನ್ನೂ ಇನ್ನೊಬ್ಬರು ಶೃಂಗಾರವನ್ನೂ ಹಾಡಿದರು. ಆಸ್ಥಾನದ ಪ್ರಬಂಧದ ತೆಲುಗು ಬೇರೆ, ನಮ್ಮ ಹೊಲದ ಬದುವಿನ ತೆಲುಗು ಬೇರೆ ಎಂಬುದು ನಿಜ. ಆದರೂ ತೆಲುಗು ಕಾವ್ಯವೊಂದನ್ನು ಉಳಿಸಿದ ಕನ್ನಡನಾಡಿನ ಹೆಣ್ಣಿನ ಕಥೆಯನ್ನು ಎರಡೂ ಕಿವಿಯಿಂದ ಕೇಳಬಲ್ಲ ಪ್ರೇಕ್ಷಕರು ಈ ಸೀಮೆಯಲ್ಲಿದ್ದಾರೆ.

ಕಾವ್ಯ ಮತ್ತು ಕವಿ

ಮುದ್ದುಪಳನಿ ಇದ್ದದ್ದು ತಂಜಾವೂರಿನ ಮರಾಠಾ ಅರಸ ಪ್ರತಾಪಸಿಂಹನ ಆಸ್ಥಾನದಲ್ಲಿ. ಅವನ ಆಳ್ವಿಕೆ 1739ರಿಂದ 1763ರವರೆಗೆ. ಅರಸ ಮರಾಠಿಗ, ನೆಲ ತಮಿಳಿನದು, ಆಸ್ಥಾನದ ಕಾವ್ಯಭಾಷೆ ತೆಲುಗು. ‘ರಾಧಿಕಾ ಸಾಂತ್ವನಮು’ ನಾಲ್ಕು ಭಾಗಗಳ, 584 ಪದ್ಯಗಳ ಶೃಂಗಾರ ಪ್ರಬಂಧ. ಆಂಡಾಳಿನ ‘ತಿರುಪ್ಪಾವೈ’ಯನ್ನು ಅದೇ ಮುದ್ದುಪಳನಿ ತೆಲುಗಿಗೆ ತಂದಳು. ಮುಂದೆ ಇವಳನ್ನು ಬೈದವರು ಈ ಎರಡನೆಯ ಕೆಲಸವನ್ನು ನೆನೆಯುವ ಗೋಜಿಗೆ ಹೋಗಲಿಲ್ಲ.

ಕಾವ್ಯದ ಕಥೆ ಚಿಕ್ಕದು. ರಾಧೆ ಇಳಾದೇವಿಯೆಂಬ ಹುಡುಗಿಯನ್ನು ಸಾಕಿ ಬೆಳೆಸುತ್ತಾಳೆ. ಅವಳು ಪ್ರಾಯಕ್ಕೆ ಬಂದಾಗ ಕೃಷ್ಣನಿಗೆ ತಾನೇ ಮುಂದೆ ನಿಂತು ಮದುವೆ ಮಾಡಿಸುತ್ತಾಳೆ. ಮದುಮಗಳಿಗೆ ಹೇಗಿರಬೇಕೆಂದು ಹೇಳಿಕೊಡುತ್ತಾಳೆ, ಕೃಷ್ಣನಿಗೂ ಹುಡುಗಿಯನ್ನು ನಯವಾಗಿ ನಡೆಸಿಕೊಳ್ಳುವ ಬುದ್ಧಿ ಹೇಳುತ್ತಾಳೆ. ಎಲ್ಲವನ್ನೂ ತಾನೇ ಮಾಡಿಟ್ಟು ಆಮೇಲೆ ಉರಿದುಹೋಗುತ್ತಾಳೆ. ಕೃಷ್ಣ ಬಂದು ಬೇಡಿಕೊಂಡು ಅವಳನ್ನು ಸಮಾಧಾನಪಡಿಸುವುದೇ ಕಾವ್ಯದ ಮುಕ್ತಾಯ. ಶೃಂಗಾರ ಕಾವ್ಯಗಳಲ್ಲಿ ಹೆಣ್ಣಿನ ಮುನಿಸು ಹೊಸದಲ್ಲ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತನ್ನ ‘ಪಾರಿಜಾತಾಪಹರಣಮು’ವಿನಲ್ಲಿ ಸತ್ಯಭಾಮೆಯ ಕಾಲು ಕೃಷ್ಣನ ತಲೆಗೆ ತಾಗುವಂತೆ ಬರೆದ, ಪಂಡಿತರು ತಲೆದೂಗಿದರು. ಮುದ್ದುಪಳನಿಯ ರಾಧೆ ಮುನಿಯುವುದಲ್ಲದೆ ಬಯಸುತ್ತಾಳೆ, ಆ ಬಯಕೆಯಲ್ಲಿ ತಾನೇ ಮೊದಲಾಗುತ್ತಾಳೆ. ಮಧ್ಯವಯಸ್ಸಿಗೆ ಬಂದ ಹೆಣ್ಣಿನ ಬಯಕೆ, ಹೊಟ್ಟೆಕಿಚ್ಚು, ತಾಯ್ತನ ಮೂರೂ ಒಂದೇ ಎದೆಯಲ್ಲಿ ಗುದ್ದಾಡುವುದನ್ನು ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸಿದ ಹಳೆಯ ಕಾವ್ಯ ನಮ್ಮ ಭಾಷೆಗಳಲ್ಲಿ ಅಪರೂಪ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿಡುವುದು ಕಾವ್ಯದ ಅವತಾರಿಕೆ. ಗಂಡು ಕವಿಗಳು ತಂದೆ, ಅಜ್ಜ, ಗೋತ್ರ ಹೇಳಿಕೊಳ್ಳುವ ಜಾಗದಲ್ಲಿ ಇವಳು ತನ್ನ ಅಜ್ಜಿ ತಂಜನಾಯಕಿಯಿಂದ ಹಿಡಿದು ಹೆಣ್ಣುವಂಶವನ್ನು ಹೇಳುತ್ತಾಳೆ. ತಾನು ವಿದ್ವಾಂಸರಿಗೆ ದಾನ ಕೊಟ್ಟವಳು, ತನಗೆ ಕವಿಗಳು ಕೃತಿ ಅರ್ಪಿಸಿದ್ದಾರೆ, ತನ್ನಂಥ ಇನ್ನೊಬ್ಬಳು ಎಲ್ಲಿದ್ದಾಳೆ ಎಂದು ತಲೆಯೆತ್ತಿ ಕೇಳುತ್ತಾಳೆ. ಇದು ತಪ್ಪೊಪ್ಪಿಕೊಂಡು ಮರೆಯಲ್ಲಿ ನಿಂತವಳ ದನಿಯಲ್ಲ.

ಕವಿಚರಿತ್ರೆಯ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭ ದಕ್ಷಿಣದ ಭಾಷೆಗಳಲ್ಲಿ ಕವಿಚರಿತ್ರೆಗಳ ಕಾಲ. ಕನ್ನಡದಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂತು. ತೆಲುಗಿನಲ್ಲಿ ಆ ಕೆಲಸ ಮಾಡಿದವರು ಕಂದುಕೂರಿ ವೀರೇಶಲಿಂಗಂ. ವಿಧವಾವಿವಾಹ ಮಾಡಿಸಿದ, ಸ್ತ್ರೀಶಿಕ್ಷಣಕ್ಕೆ ದುಡಿದ ಮಹನೀಯರು ಅವರು. ತಮ್ಮ ‘ಆಂಧ್ರ ಕವುಲ ಚರಿತ್ರಮು’ವಿನಲ್ಲಿ ಅವರು ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿದರೂ ಕಾವ್ಯದ ಹಲವು ಭಾಗಗಳನ್ನು ಹೆಂಗಸರು ಹೇಳುವುದಿರಲಿ, ಕೇಳಲೂ ಯೋಗ್ಯವಲ್ಲವೆಂದು ತಳ್ಳಿಹಾಕಿದರು. ಕವಿಯ ನಡತೆಯನ್ನೂ ಎತ್ತಿ ಆಡಿದರು.

ಇದನ್ನು ಒಬ್ಬ ಕೆಟ್ಟ ಮನುಷ್ಯನ ಮಾತೆಂದು ಬದಿಗಿಡುವ ಹಾಗಿಲ್ಲ. ಹೆಣ್ಣಿನ ಒಳಿತಿಗಾಗಿ ಬದುಕು ತೇದ ಸುಧಾರಕರೇ ಹೆಣ್ಣಿನ ಕಾವ್ಯದ ಬಾಗಿಲು ಮುಚ್ಚಿದರು. ಕುಲಸ್ತ್ರೀಯನ್ನು ಓದಿಸಿ ಮೇಲೆತ್ತಬೇಕು ಎಂಬ ಅವರ ಕನಸಿನಲ್ಲಿ, ಆಗಲೇ ಓದು ಬಲ್ಲ, ಹಾಡು ಬಲ್ಲ, ಆಸ್ತಿಯ ಒಡೆತನವಿದ್ದ ದೇವದಾಸಿಗೆ ಜಾಗವಿರಲಿಲ್ಲ. ನಮ್ಮ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದೂ 1909ರಲ್ಲೇ. ನಾಗರತ್ನಮ್ಮನವರ ಪುಸ್ತಕ ಬಂದದ್ದು ಅದರ ಮರುವರ್ಷ.

ನಂಜನಗೂಡಿನಿಂದ ಮದರಾಸಿಗೆ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯನವರ ಬಳಿ ಸಂಸ್ಕೃತ ಓದಿದರು. ಬೆಂಗಳೂರಿನಲ್ಲಿ ಸಂಗೀತ ಪಕ್ವವಾಯಿತು. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರ ಆಶ್ರಯ ಸಿಕ್ಕಿದ್ದೂ ಅಲ್ಲೇ. 1903ರ ಸುಮಾರಿಗೆ ಅವರು ಮದರಾಸಿಗೆ ಹೋದರು. ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ನಡೆದಾಡಿದ ಹೆಂಗಸು. ‘ದೇವದಾಸಿ ಪ್ರಬೋಧ ಚಂದ್ರೋದಯಮು’ ಅವರ ಕೃತಿ, ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರ ನಾಮಾವಳಿಯೂ ಅವರದೇ. ಆದ್ದರಿಂದ ಅವರನ್ನು ‘ಗಾಯಕಿ’ ಎಂದಷ್ಟೇ ಕರೆದು ಮುಗಿಸುವುದು ಅರ್ಧ ಸತ್ಯ.

‘ರಾಧಿಕಾ ಸಾಂತ್ವನಮು’ವಿನ ಸಂಪಾದನೆ ನಡೆದ ರೀತಿಯನ್ನು ನಾವು ಹತ್ತಿರದಿಂದ ನೋಡಬೇಕು. ತಂಜಾವೂರಿನ ಸಾಹಿತ್ಯದ ಬಗೆಗಿನ ಬರಹವೊಂದರಲ್ಲಿ ಕಾವ್ಯದ ಹೆಸರು ಕಂಡು ಅವರು ಹುಡುಕಾಟ ಶುರು ಮಾಡಿದರು. ಪೈಡಿಪಾಟಿ ವೆಂಕಟನರಸು 1887ರಲ್ಲಿ ಹೊರತಂದಿದ್ದ ಅಚ್ಚಿನ ಪ್ರತಿಯೊಂದು ಕಷ್ಟಪಟ್ಟ ಮೇಲೆ ಸಿಕ್ಕಿತು. ಆಮೇಲೆ ಪರಿಚಿತರ ಮೂಲಕ ಹಸ್ತಪ್ರತಿಯೂ ಕೈಗೆ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಪದ್ಯ ಪದ್ಯ ಹೋಲಿಸಿದಾಗ ಅಚ್ಚಿನಲ್ಲಿ ಪದ್ಯಗಳು ಬಿಟ್ಟುಹೋಗಿರುವುದು ಗೊತ್ತಾಯಿತು. ಅಷ್ಟೇ ಅಲ್ಲ, ಕವಿ ತನ್ನ ಅಜ್ಜಿ-ತಾಯಂದಿರ ವಂಶ ಹೇಳಿಕೊಂಡ ಅವತಾರಿಕೆಯೇ ಮಾಯವಾಗಿತ್ತು. ಕವಿಯ ಗುರುತನ್ನೇ ಕತ್ತರಿಸಿ ಕಾವ್ಯ ಅಚ್ಚಾಗಿತ್ತು. ನಾಗರತ್ನಮ್ಮ ಅದನ್ನು ಮತ್ತೆ ಜೋಡಿಸಿ, ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಮೂಲಕ ಪೂರ್ಣಪಾಠವನ್ನು ಪ್ರಕಟಿಸಿದರು. ಪಾಠಾಂತರ ನೋಡುವುದು, ಲುಪ್ತಭಾಗ ತುಂಬುವುದು, ಕವಿಕಾಲ ನಿರ್ಣಯಿಸುವುದು ಗ್ರಂಥಸಂಪಾದನೆಯ ಕೆಲಸ. ಗಂಡಸರು ಮಾಡಿದರೆ ನಾವು ಅದನ್ನು ಶಾಸ್ತ್ರ ಎನ್ನುತ್ತೇವೆ.

ಪೀಠಿಕೆಯಲ್ಲಿ ಅವರು ಎರಡು ಮಾತು ಎತ್ತಿದರು. ಒಂದು, ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಇರಬೇಕಾದದ್ದೇ, ಗಂಡು ಕವಿಗಳಿಗೆ ಬೇಡವೇ ಎಂಬ ನೇರ ಪ್ರಶ್ನೆ. ಇನ್ನೊಂದು ಹೆಚ್ಚು ಮೊನಚಾದದ್ದು. ಸಾರಂಗು ತಮ್ಮಯ್ಯನ ‘ವೈಜಯಂತೀ ವಿಲಾಸಮು’ವಿನಲ್ಲಿ ಇದಕ್ಕಿಂತ ಬಿಚ್ಚಾದ ವರ್ಣನೆಯಿದೆ, ಅದನ್ನು ವಿಶ್ವವಿದ್ಯಾಲಯದ ಪಠ್ಯಕ್ಕೆ ಒಪ್ಪಿದವರಲ್ಲಿ ವೀರೇಶಲಿಂಗಂ ಅವರೂ ಸೇರಿದ್ದಾರಲ್ಲ ಎಂದು ಅವರು ಬೊಟ್ಟುಮಾಡಿದರು. ಇದರಲ್ಲಿ ಕೂಗಾಟವಿಲ್ಲ. ಎದುರಾಳಿಯ ಅಳತೆಗೋಲನ್ನೇ ತೆಗೆದುಕೊಂಡು ಎರಡು ಪುಸ್ತಕಗಳನ್ನು ಅಳೆದು ತೋರಿಸುವ ವಿಮರ್ಶೆ ಇದು. ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟದ ಕಾಲದಲ್ಲಿ, ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣೊಬ್ಬಳು ಇಂಥ ತುಲನೆ ಮಾಡಿ ಅಚ್ಚು ಹಾಕಿಸಿದ್ದನ್ನು ಕನ್ನಡ ವಿಮರ್ಶೆಯ ಚರಿತ್ರೆಯಲ್ಲಿ ಎಲ್ಲಿ ಸೇರಿಸಿದ್ದೇವೆ? ಭಾಷೆ ತೆಲುಗು ಎಂಬುದು ಕಾರಣವಾಗಲಾರದು, ಎರಡು ಭಾಷೆಯ ನಡುವೆ ಬಾಳುವ ಈ ಸೀಮೆಯವರಿಗಂತೂ ಅದು ಕಾರಣವಾಗಲೇಬಾರದು.

1911ರ ತೀರ್ಪು

ಉತ್ತರ ಬೇಗ ಬಂತು, ಪುಸ್ತಕಕ್ಕಲ್ಲ, ಹುಟ್ಟಿಗೆ. ‘ಶಶಿಲೇಖ’ ಪತ್ರಿಕೆಯ ಟೀಕೆಯ ಸಾರ ಇಷ್ಟೇ: ವೇಶ್ಯೆಯೊಬ್ಬಳು ಬರೆದದ್ದನ್ನು ಇನ್ನೊಬ್ಬ ವೇಶ್ಯೆ ತಿದ್ದಿ ಅಚ್ಚು ಹಾಕಿದ್ದಾಳೆ. ಮದರಾಸು ಸರ್ಕಾರದ ಭಾಷಾಂತರಕಾರ ಗೋಟೇಟಿ ಕನಕರಾಜು ಪಂತುಲು ಕೆಲವು ಪದ್ಯಗಳನ್ನು ಆಕ್ಷೇಪಾರ್ಹವೆಂದು ಗುರುತುಮಾಡಿಕೊಟ್ಟರು. ಪೊಲೀಸ್ ಕಮಿಷನರ್ ಕನಿಂಗ್‌ಹ್ಯಾಮ್ 1911ರಲ್ಲಿ ಪ್ರತಿಗಳನ್ನು ವಶಪಡಿಸಿಕೊಂಡ. ಪಂಡಿತರು ಮನವಿ ಸಲ್ಲಿಸಿದರು, ಪ್ರಕಾಶಕರು ಹೋರಾಡಿದರು, ನಿಷೇಧ ನಿಂತಿತು. ಕಾವ್ಯವೊಂದರ ವಿಮರ್ಶೆಯನ್ನು ಪೊಲೀಸ್ ಕಚೇರಿಗೆ ಒಪ್ಪಿಸಿದ ಆ ಘಟನೆಯಲ್ಲಿ ಮೂರು ಕೈ ಕೆಲಸ ಮಾಡಿವೆ: ಸುಧಾರಕರ ನೀತಿ, ಪತ್ರಿಕೆಯ ಜಾತಿಗರ್ವ, ಸಾಮ್ರಾಜ್ಯದ ಅಶ್ಲೀಲತೆಯ ಕಾನೂನು. ಇವುಗಳಲ್ಲಿ ಬ್ರಿಟಿಷರನ್ನು ಮಾತ್ರ ಹೆಸರಿಸಿ ಉಳಿದವರನ್ನು ಬಿಟ್ಟುಬಿಡುವುದು ನಮಗೆ ಸುಲಭ, ಅದು ಸರಿಯಲ್ಲ.

ಟಂಗುಟೂರಿ ಪ್ರಕಾಶಂ ಮದರಾಸು ಪ್ರಾಂತ್ಯದ ಆಡಳಿತ ವಹಿಸಿದ್ದಾಗ, 1947ರಲ್ಲಿ, ನಿಷೇಧ ಹೋಯಿತು. ದೇವದಾಸಿ ಸಮರ್ಪಣೆಯನ್ನು ತಡೆಯುವ ಮದರಾಸಿನ ಕಾಯ್ದೆ ಬಂದದ್ದೂ ಅದೇ ವರ್ಷ. ಮುದ್ದುಪಳನಿಯ ಕಾವ್ಯ ಓದಬಹುದು ಎಂದು ಸರ್ಕಾರ ಹೇಳಿದ ವರ್ಷದಲ್ಲೇ ಅಂಥ ಕಾವ್ಯ ಬರೆಯಬಲ್ಲವಳನ್ನು ರೂಪಿಸಿದ್ದ ಮನೆತನಗಳ ಬದುಕು ಕಾನೂನಿನಿಂದ ಕೊನೆಗಂಡಿತು. ಆ ಪದ್ಧತಿಯಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡನ್ನು ಕಡಿಮೆ ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ, ಕಾಯ್ದೆ ಬೇಕಿತ್ತು. ಆದರೆ 1927ರಲ್ಲಿ ಮದರಾಸಿನ ದೇವದಾಸಿಯರು ಸಂಘ ಕಟ್ಟಿ, ಆ ಪದ್ಧತಿಯ ವಿರುದ್ಧ ಮುತ್ತುಲಕ್ಷ್ಮಿ ರೆಡ್ಡಿಯವರು ತಂದ ಮಸೂದೆಯನ್ನು ವಿರೋಧಿಸಿದಾಗ ನಾಗರತ್ನಮ್ಮ ಆ ಸಾಲಿನಲ್ಲಿದ್ದರು ಎಂಬುದನ್ನೂ ಹೇಳಬೇಕು. ಎರಡೂ ಕಡೆ ಹೆಂಗಸರೇ ಇದ್ದ ಈ ಜಗಳದಲ್ಲಿ ನಾಟಕಕಾರನಿಗೆ ಸಿಗುವಷ್ಟು ಒಳತೋಟಿ ಇನ್ನೆಲ್ಲಿ ಸಿಗುತ್ತದೆ?

ಒಪ್ಪಿತವಾದವರು

ಹಾಗೆಂದು ಹೆಣ್ಣು ಬರೆದದ್ದನ್ನೆಲ್ಲ ಕನ್ನಡ-ತೆಲುಗು ಪಂಡಿತರು ತಳ್ಳಿಹಾಕಿದರೆಂದಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅವಳಿಗೆ ಕವಿಚರಿತ್ರೆಯಲ್ಲೂ ಪಠ್ಯಪುಸ್ತಕದಲ್ಲೂ ಮರ್ಯಾದೆಯ ಜಾಗ ಸಿಕ್ಕಿತು. ಅವಳ ಸಾಂಗತ್ಯದ ಚೆಲುವು ನಿಜ, ಹೆಣ್ಣನ್ನು ಹಳಿಯುವವರನ್ನು ಅವಳು ಎದುರು ನಿಂತು ಕೇಳಿದ್ದೂ ನಿಜ. ಆದರೆ ಪತಿವ್ರತಾ ಧರ್ಮದ ಹೊದಿಕೆ ಇಲ್ಲದಿದ್ದರೆ ಆ ಬಾಗಿಲು ಅಷ್ಟು ಸಲೀಸಾಗಿ ತೆರೆಯುತ್ತಿತ್ತೆಂದು ನಾನು ನಂಬುವುದಿಲ್ಲ. ನಾಗರತ್ನಮ್ಮನವರ ಊರಿನವರೇ ಆದ ನಂಜನಗೂಡು ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಬಾಲವಿಧವೆಯಾದ ಅವರು 1913ರಲ್ಲಿ ‘ಸುಶೀಲೆ’ ಪ್ರಕಟಿಸಿ, ‘ಸತೀಹಿತೈಷಿಣೀ’ ಗ್ರಂಥಮಾಲೆ ನಡೆಸಿದರು. ‘ರಾಧಿಕಾ ಸಾಂತ್ವನಮು’ಗೂ ‘ಸುಶೀಲೆ’ಗೂ ನಡುವೆ ಮೂರೇ ವರ್ಷ, ಇಬ್ಬರು ಹೆಂಗಸರದೂ ಒಂದೇ ಊರು. ಈ ಇಬ್ಬರನ್ನು ಒಟ್ಟಿಗೆ ರಂಗದ ಮೇಲೆ ತರುವ ನಾಟಕವನ್ನು ಯಾರಾದರೂ ಬರೆಯಬೇಕು. ಒಂದೇ ಊರಿನ ಎರಡು ಬೀದಿಗಳ ನಡುವೆ ಎಷ್ಟು ದೂರವಿತ್ತೆಂದು ಅದು ತೋರಿಸೀತು.

ರಂಗದ ಮೇಲಿನ ವೇಶ್ಯೆ

ಈಗ ನಾಟಕಕ್ಕೆ ಬರೋಣ. ಕೋಲಾರ-ಚಿಕ್ಕಬಳ್ಳಾಪುರ ಸೀಮೆಯ ಪ್ರೇಕ್ಷಕ ಕೇಳಿಕೆ ನೋಡಿ ಬೆಳೆದವನು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆ ಬೆಳಗಿನ ಜಾವದವರೆಗೂ ಕೂರುವವನು. ತೆಲುಗು ಪದ್ಯನಾಟಕಗಳೂ ಅವನಿಗೆ ಹೊಸದಲ್ಲ. ಅವನ ವಿಮರ್ಶೆ ಪತ್ರಿಕೆಯಲ್ಲಿ ಬರುವುದಿಲ್ಲ. ಪಾತ್ರಧಾರಿ ಪದ್ಯವನ್ನು ಎತ್ತಿ, ಆಲಾಪದಲ್ಲಿ ಎಳೆದು, ಕೊನೆಯ ಅಕ್ಷರದ ಮೇಲೆ ನಿಲ್ಲಿಸಿದಾಗ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಎಂಬ ಕೂಗು ಬಂದರೆ ಪದ್ಯ ಗೆದ್ದಿತು, ಬಾರದಿದ್ದರೆ ಸೋತಿತು. ಪಾತ್ರ ಕೃಷ್ಣನದೋ ದುರ್ಯೋಧನನದೋ ಎಂಬುದು ಆ ಕ್ಷಣದಲ್ಲಿ ಲೆಕ್ಕಕ್ಕಿಲ್ಲ. ಬರೆದವನ ನಡತೆಯಂತೂ ಯಾರಿಗೂ ಬೇಕಿಲ್ಲ. ಕವಿತೆಯನ್ನು ಕವಿತೆಯಾಗಿ ತೂಗುವ ಈ ಗುಣ ‘ಶಶಿಲೇಖ’ದ ಸಂಪಾದಕರಿಗಿರಲಿಲ್ಲ.

ಆದರೆ ಇದೇ ಪದ್ಯನಾಟಕದ ಲೋಕ ವೇಶ್ಯೆಯ ಪಾತ್ರಕ್ಕೆ ಒಂದು ಅಚ್ಚನ್ನೂ ಮಾಡಿಟ್ಟಿದೆ. ಕಾಳ್ಳಕೂರಿ ನಾರಾಯಣರಾವ್ ಬರೆದ ‘ಚಿಂತಾಮಣಿ’ ನೂರು ವರ್ಷ ಆಡಿದ ತೆಲುಗು ನಾಟಕ. ವೇಶ್ಯಾವ್ಯಸನದ ವಿರುದ್ಧ ಸುಧಾರಣೆಯ ಉದ್ದೇಶದಿಂದ ಬರೆದದ್ದು. ಚಿಂತಾಮಣಿ ಚೆಲುವೆ, ವಿದ್ಯಾವಂತೆ, ಗಂಡಸರನ್ನು ಹಾಳುಮಾಡುವವಳು, ಕೊನೆಗೆ ಕೃಷ್ಣಭಕ್ತಿಯಲ್ಲಿ ಕರಗುವವಳು. 2022ರ ಜನವರಿಯಲ್ಲಿ ಆಂಧ್ರಪ್ರದೇಶ ಸರ್ಕಾರ ಈ ನಾಟಕವನ್ನು ನಿಷೇಧಿಸಿತು. ಸುಬ್ಬಿಶೆಟ್ಟಿ ಎಂಬ ಗಂಡು ಪಾತ್ರ ಒಂದು ಸಮುದಾಯಕ್ಕೆ ಅವಮಾನ ಮಾಡುತ್ತದೆಂಬ ದೂರು ಅದಕ್ಕೆ ಕಾರಣವಾಯಿತು. ಅಷ್ಟು ಕಾಲವೂ ಚಿಂತಾಮಣಿಯ ಬಾಯಲ್ಲಿ ಗಂಡಸರು ಇಟ್ಟ ಮಾತುಗಳಿಂದ ಯಾವ ಸರ್ಕಾರಕ್ಕೂ ತೊಂದರೆಯಾಗಿರಲಿಲ್ಲ. ಮುದ್ದುಪಳನಿ ತಾನೇ ಬರೆದ ತನ್ನ ಮಾತು ಪೂರ್ತಿಯಾಗಿ ಅಚ್ಚಾದಾಗ ಪೊಲೀಸರು ಬಂದಿದ್ದರು.

ವೇಶ್ಯೆಗೆ ಭಕ್ತಿಯ ಕೊನೆ ಕೊಡುವ ಈ ಅಚ್ಚು ನಾಗರತ್ನಮ್ಮನವರ ಚರಿತ್ರೆ ಹೇಳುವವರಿಗೆ ಸಿದ್ಧವಾಗಿಯೇ ಸಿಗುತ್ತದೆ. ಅವರ ಬದುಕಿನಲ್ಲಿ ತಿರುವೈಯಾರು ಇದೆಯಲ್ಲ! ಅಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯನ್ನು ತಮ್ಮ ಒಡವೆ ಆಸ್ತಿ ಮಾರಿ ಕಟ್ಟಿಸಿದರು. 1921ರಲ್ಲಿ ಕೆಲಸ ಶುರುವಾಗಿ 1925ರಲ್ಲಿ ಕುಂಭಾಭಿಷೇಕವಾಯಿತು. ತಾವೇ ಕಟ್ಟಿಸಿದ ಗುಡಿಯ ಮುಂದಿನ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂದಾಗ ಹೆಂಗಸರ ಗುಂಪು ಕಟ್ಟಿ ಬೇರೆಯಾಗಿ ಹಾಡಿಸಿದರು. ಆರಾಧನೆ ನಡೆಸುತ್ತಿದ್ದ ಗಂಡಸರ ಬಣಗಳು ಒಂದಾಗುವವರೆಗೂ ಬಿಡಲಿಲ್ಲ. ಇಂದು ಅವರ ವಿಗ್ರಹ ಸಮಾಧಿಗೆ ಮುಖಮಾಡಿ ಕೂತಿದೆ. ವಿ. ಶ್ರೀರಾಮ್ 2007ರಲ್ಲಿ ಬರೆದ ಇಂಗ್ಲಿಷ್ ಜೀವನಚರಿತ್ರೆಯ ಹೆಸರೇ ‘ದಿ ದೇವದಾಸಿ ಅಂಡ್ ದಿ ಸೇಂಟ್’. ತುಂಬ ಶ್ರಮದ, ಉಪಕಾರದ ಪುಸ್ತಕ ಅದು. ಆದರೂ ಆ ಜೋಡಿಹೆಸರು ದೇವದಾಸಿಯ ಪಕ್ಕದಲ್ಲಿ ಸಂತನನ್ನು ನಿಲ್ಲಿಸಿದೆ, ಕವಯಿತ್ರಿಯನ್ನಲ್ಲ.

ಮುದ್ದುಪಳನಿಯನ್ನು ಅವರ ಪಕ್ಕದಲ್ಲಿ ಮತ್ತೆ ನಿಲ್ಲಿಸಿದ್ದು ಸೂಸಿ ತಾರು ಮತ್ತು ಕೆ. ಲಲಿತಾ. 1991ರಲ್ಲಿ ಬಂದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ದ ಮೊದಲ ಸಂಪುಟದ ಪ್ರಸ್ತಾವನೆಯಲ್ಲಿ ಅವರು ಈ ಪುಸ್ತಕದ ಹಣೆಬರಹವನ್ನೇ ಹೇಳಿದರು. ಹೆಂಗಸರ ಸಾಹಿತ್ಯಚರಿತ್ರೆ ಹೇಗೆ ಅಳಿಸಿಹೋಗುತ್ತದೆ ಎಂಬ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಅವರಿಗೆ ಬೇಕಿರಲಿಲ್ಲ. 2011ರಲ್ಲಿ ಸಂಧ್ಯಾ ಮೂಲ್ಚಂದಾನಿಯವರ ಇಂಗ್ಲಿಷ್ ಅನುವಾದ ಬಂತು. ಇವುಗಳ ನಂತರದ ಯಾವ ನಾಟಕವೂ ಪುಸ್ತಕದ ಪ್ರಸಂಗವನ್ನು ಸಂಗೀತದ ನಡುವಿನ ಒಂದು ಕಿರುಘಟನೆಯಾಗಿ ದಾಟಿಹೋಗುವಂತಿಲ್ಲ, ವಿಮರ್ಶಕನೂ ದಾಟುವಂತಿಲ್ಲ.

ಸಂಗೀತ ನಾಟಕವನ್ನು ನೋಡಿ ಬರೆಯುವಾಗ ಗಾಯನ, ವಸ್ತ್ರ, ಬೆಳಕು, ಆರಾಧನೆಯ ದೃಶ್ಯ ಕಣ್ಣು ತುಂಬುವುದು ಸಹಜ. ಅದನ್ನು ನಾನು ಹಳಿಯುವುದಿಲ್ಲ. ಹೆಂಗಸು ಅಂಗಡಿ ಅಂಗಡಿ ಅಲೆದು ಹಳೆಯ ಪ್ರತಿ ಹುಡುಕುವುದನ್ನು, ಎರಡು ಪಾಠಗಳನ್ನು ಹೋಲಿಸುವುದನ್ನು ರಂಗದ ಮೇಲೆ ತೋರಿಸುವುದು ಕಷ್ಟ. ಆದರೆ ಅವತಾರಿಕೆ ಹರಿದುಹೋದ ಅಚ್ಚುಪುಸ್ತಕ ಒಂದು ಕೈಯಲ್ಲಿ, ಅವತಾರಿಕೆ ಇರುವ ಹಸ್ತಪ್ರತಿ ಇನ್ನೊಂದು ಕೈಯಲ್ಲಿ, ಆ ಅವತಾರಿಕೆಯ ಪದ್ಯ ಓದುತ್ತಿದ್ದಂತೆ ಮುದ್ದುಪಳನಿಯೇ ಎದ್ದುಬಂದು ತನ್ನ ಅಜ್ಜಿಯ ಹೆಸರು ಹೇಳುವುದು ನಾಟಕವಲ್ಲದೆ ಮತ್ತೇನು? ವಿಮರ್ಶಕ ಕೇಳಬೇಕಾದ ಪ್ರಶ್ನೆಗಳು ಅಲ್ಲಿಂದ ಹುಟ್ಟುತ್ತವೆ. ಮುದ್ದುಪಳನಿಯ ಪದ್ಯ ರಂಗದ ಮೇಲೆ ಕೇಳಿಸಿತೇ? ಕೇಳಿಸಿದ್ದರೆ ಯಾವ ಪದ್ಯ, ಪೊಲೀಸರ ಗುರುತುಬಿದ್ದದ್ದೋ ನಿರಪಾಯವಾದದ್ದೋ? ವೀರೇಶಲಿಂಗಂ ಖಳನಾಗಿ ಬಂದರೋ, ತಮ್ಮ ಒಳ್ಳೆಯತನದ ಮಿತಿಯಲ್ಲೇ ಸಿಕ್ಕಿಬಿದ್ದ ದೊಡ್ಡ ಮನುಷ್ಯರಾಗಿ ಬಂದರೋ? ಪೀಠಿಕೆಯ ವಾದ ಪೂರ್ತಿ ಕೇಳಿಸಿತೋ, ಅದಕ್ಕೆ ಬದಲಾಗಿ ಕಣ್ಣೀರು ಬಂತೋ?

ಕನ್ನಡ ನಾಟಕದಲ್ಲಿ ಆ ಪದ್ಯಗಳನ್ನು ಅನುವಾದಿಸಬೇಕೇ, ತೆಲುಗಿನಲ್ಲೇ ಬಿಡಬೇಕೇ ಎಂಬುದು ಬೆಂಗಳೂರಿನ ಸಭಾಂಗಣದಲ್ಲಿ ತೊಡಕಿನ ಪ್ರಶ್ನೆ. ತ್ಯಾಗರಾಜರ ಕೀರ್ತನೆಗಳನ್ನು ಅಲ್ಲಿ ತೆಲುಗಿನಲ್ಲೇ ಕೇಳಿ ತಲೆದೂಗುವ ಜನ ಮುದ್ದುಪಳನಿಯ ತೆಲುಗಿಗೆ ಮಾತ್ರ ಅರ್ಥ ಕೇಳಬಾರದು ಎಂಬುದು ನನ್ನ ಅನಿಸಿಕೆ. ಸಾದಲಿ, ದಿಬ್ಬೂರಹಳ್ಳಿ, ಬಾಗೇಪಲ್ಲಿ, ಚೇಳೂರಿನ ಕಡೆ ಅದನ್ನು ಕನ್ನಡ ಸಂಭಾಷಣೆಯ ನಡುವೆ ತೆಲುಗು ಪದ್ಯವಾಗಿಯೇ, ಪದ್ಯನಾಟಕದ ಧಾಟಿಯಲ್ಲೇ ಎತ್ತಬಹುದು. ಹಾಗೆ ಎತ್ತಿದಾಗ ಪದ್ಯ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ಇಲ್ಲಿನ ಹಿಂದಿನ ಸಾಲಿನವರು ಹೇಳಲಿ. 1910ರಲ್ಲಿ ನಾಗರತ್ನಮ್ಮ ತಮ್ಮ ಪುಸ್ತಕಕ್ಕೆ ಕೇಳಿದ್ದು ಅಂಥ ಓದನ್ನೇ. ಅವರು 1952ರ ಮೇ 19ರಂದು ತೀರಿಕೊಂಡರು. ವಾವಿಳ್ಳದವರ ಹೊಸ ಮುದ್ರಣ ಬಂದದ್ದು ಅದೇ ವರ್ಷ.